ಕಣ್ಣಿಲ್ಲದ ಮಕ್ಕಳಿಗಾಗಿ ಬಿಡಾರ ಹೂಡಿದ ಗಾನಯೋಗಿ

ಪರೀಕ್ಷೆ ಮುಗಿದು ಬೇಸಿಗೆ ರಜೆ ಆರಂಭವಾಯಿತೆಂದರೆ ದಾವಣಗೆರೆ, ಹರಿಹರದಂತಹ ಊರುಗಳಲ್ಲಿಯೂ ಈಗ ಮಕ್ಕಳ ಶಿಬಿರಗಳ ಭರಾಟೆ. ಚಿತ್ರಕಲೆ, ಈಜು, ನಾಟಕ, ಯೋಗ ಎಂದು ಪ್ರಕಟಣೆಗಳ ಸಾಲು. ಆದರೆ ಮನೆಯಲ್ಲಿ ಕಣ್ಣು ಕಾಣದ ಮಗುವಿದ್ದರೆ, ದಿನಕ್ಕೆ ಮೂರು ಬಾರಿ ಇನ್ಸುಲಿನ್ ಬೇಕಾದ ಮಗುವಿದ್ದರೆ, ಸಣ್ಣ ಗಾಯಕ್ಕೂ ರಕ್ತ ನಿಲ್ಲದ ಹಿಮೋಫಿಲಿಯಾದ ಮಗುವಿದ್ದರೆ ತಂದೆತಾಯಿ ಆ ಪ್ರಕಟಣೆಯನ್ನು ಓದಿ ಮಡಿಚಿಡುತ್ತಾರೆ. ಕಳುಹಿಸಿದರೆ ನೋಡಿಕೊಳ್ಳುವವರು ಯಾರು ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಹೊರದೇಶಗಳಲ್ಲಿ ಉತ್ತರ ಹುಡುಕಿದವರಿದ್ದಾರೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1925ರಲ್ಲಿಯೇ ಸಕ್ಕರೆ ಕಾಯಿಲೆಯ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಯಿತು. ಹಾಲಿವುಡ್ ನಟ ಪಾಲ್ ನ್ಯೂಮನ್ 1988ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಕ್ಯಾನ್ಸರ್ ಮತ್ತು ರಕ್ತದ ಕಾಯಿಲೆಗಳಿಂದ ನರಳುವ ಮಕ್ಕಳಿಗೆಂದೇ ಉಚಿತ ಶಿಬಿರ ತೆರೆದರು. ನಮ್ಮಲ್ಲಿ ಇಂತಹದು ಇರಲೇ ಇಲ್ಲವೇ ಎಂದು ಕೇಳುವವರು ಒಮ್ಮೆ ದಾವಣಗೆರೆಯ ಬಾಡಾ ಕ್ರಾಸ್ ಕಡೆಗೆ ಹೋಗಿ ಬರಬೇಕು. ಅಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಅದರ ಮೂಲ ಗದಗಿನಲ್ಲಿ. ಆ ಮೂಲಕ್ಕೂ ಹಿಂದೆ ಗೋಡೆಯಾಗಲಿ ಸೂರಾಗಲಿ ಇಲ್ಲದೆ ಊರೂರು ಸುತ್ತುತ್ತಿದ್ದ ಒಂದು ಬಿಡಾರವಿತ್ತು. ವರ್ಷಕ್ಕೆ ಹದಿನೈದು ದಿನದ ಶಿಬಿರವಲ್ಲ, ಮಗು ತನ್ನ ಕಾಲ ಮೇಲೆ ನಿಲ್ಲುವ ತನಕವೂ ನಡೆಯುವ ಶಿಬಿರ. ಅದನ್ನು ನಡೆಸಿದವರು ಪಂಚಾಕ್ಷರಿ ಗವಾಯಿಗಳು. ಅವರಿಗೂ ಕಣ್ಣು ಇರಲಿಲ್ಲ.

ಕಾಡಶೆಟ್ಟಿಹಳ್ಳಿಯ ಇಬ್ಬರು ಹುಡುಗರು

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿನ ಚರಂತಿಮಠ ಮನೆತನದಲ್ಲಿ 1892ರ ಫೆಬ್ರವರಿ 2ರಂದು ಹುಟ್ಟಿದ ಮಗುವಿಗೆ ಗದಿಗೆಯ್ಯ ಎಂದು ಹೆಸರಿಟ್ಟರು. ತಾಯಿ ನೀಲಮ್ಮ. ಹಿರಿಯ ಮಗ ಗುರುಬಸಯ್ಯ ಹುಟ್ಟು ಕುರುಡ. ಎರಡನೆಯವನೂ ಹಾಗೆಯೇ. ಒಂದೇ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಗಂಡುಮಕ್ಕಳು ಎಂದರೆ ಆ ಕಾಲದ ಹಳ್ಳಿಯೊಂದರಲ್ಲಿ ಏನರ್ಥ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದ ದುಡಿಮೆಗೆ ಒದಗದ, ಓದಿಗೆ ದಾರಿಯಿಲ್ಲದ ಮಕ್ಕಳು.

ಅಂದು ಕುರುಡುತನ ಅಪರೂಪದ ಸಂಗತಿಯೂ ಆಗಿರಲಿಲ್ಲ. ಸಿಡುಬು ಬಂದು ಉಳಿದುಕೊಂಡ ಮಕ್ಕಳಲ್ಲಿ ಹಲವರ ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಬಿಳಿ ಹೂ ಬೀಳುತ್ತಿತ್ತು. ಪೌಷ್ಟಿಕ ಆಹಾರವಿಲ್ಲದೆ ಎ ಜೀವಸತ್ವದ ಕೊರತೆಯಿಂದ ಕಣ್ಣು ಕಳೆದುಕೊಂಡವರು ಇನ್ನಷ್ಟು ಮಂದಿ. ಎ ಜೀವಸತ್ವ ಹನಿ ಹಾಕುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ, ಸಿಡುಬು ಈ ದೇಶವನ್ನು ಬಿಟ್ಟು ತೊಲಗಿದ್ದು 1975ರಲ್ಲಿ. ಗದಿಗೆಯ್ಯನ ಬಾಲ್ಯಕ್ಕೂ ಈ ಎರಡಕ್ಕೂ ನಡುವೆ ಮುಕ್ಕಾಲು ಶತಮಾನದ ಅಂತರ. ಪಂಜಾಬಿನ ಅಮೃತಸರದಲ್ಲಿ 1887ರಲ್ಲಿ ದೇಶದ ಮೊದಲ ಅಂಧರ ಶಾಲೆ ತೆರೆದಿತ್ತು. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಆರಂಭಿಸಿದ್ದು 1901ರಲ್ಲಿ. ಹಾನಗಲ್ ಸೀಮೆಯ ರೈತನಿಗೆ ಎರಡೂ ದೂರದ ಮಾತು.

ಆದರೆ ಈ ಹುಡುಗರಿಗೆ ಕಂಠವಿತ್ತು. ಕೇಳಿದ್ದನ್ನು ಕೇಳಿದಂತೆಯೇ ಹಾಡುವ ನೆನಪಿತ್ತು. ಅದನ್ನು ಗುರುತಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭಾ ತೀರದಲ್ಲಿ ಶಿವಯೋಗ ಮಂದಿರವನ್ನೂ ಕಟ್ಟಿದ ಕುಮಾರ ಸ್ವಾಮಿಗಳು ಇಬ್ಬರು ಹುಡುಗರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಊಟ, ವಸ್ತ್ರ ಕೊಟ್ಟು ಮಠದ ಮೂಲೆಯಲ್ಲಿ ಕೂರಿಸಿದ್ದರೂ ಜನ ಕೊಂಡಾಡುತ್ತಿದ್ದರು. ಸ್ವಾಮಿಗಳು ಹಾಗೆ ಮಾಡಲಿಲ್ಲ. ಅಂದಿನ ಕಾಲಕ್ಕೆ ದೊರೆಯಬಹುದಾದ ಅತ್ಯುತ್ತಮ ಸಂಗೀತ ಶಿಕ್ಷಣವನ್ನು ಕೊಡಿಸಲು ಹೊರಟರು. ಗವಾಯಿಗಳ ಇಡೀ ಬದುಕು ಈ ಒಂದು ನಿರ್ಧಾರದ ಮೇಲೆ ನಿಂತಿದೆ ಎಂದರೆ ತಪ್ಪಾಗದು.

ಮೈಸೂರು, ಮಿರಜ್

ಕಲಿಕೆ ಮೊದಲು ಕರ್ನಾಟಕ ಸಂಗೀತದಲ್ಲಿ ನಡೆಯಿತು. ಅದಕ್ಕಾಗಿ ಮೈಸೂರಿಗೆ ಕಳುಹಿಸಿದರು. ಹಾನಗಲ್ ಸೀಮೆಯಿಂದ ಮೈಸೂರಿಗೆ ರೈಲಿನ ಹಾದಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ದಾವಣಗೆರೆಯ ಮೂಲಕವೇ ಸಾಗುತ್ತಿತ್ತು. ಹೊಳೆಯ ಆಚೆ ಮುಂಬಯಿ ಪ್ರಾಂತ, ಈಚೆ ಮೈಸೂರು ಸಂಸ್ಥಾನ. ಒಂದೇ ಭಾಷೆಯ ಜನ ಎರಡು ಆಡಳಿತಗಳಲ್ಲಿ ಹಂಚಿಹೋಗಿದ್ದಂತೆ ಸಂಗೀತವೂ ಹಂಚಿಹೋಗಿತ್ತು. ಹೊಳೆಯ ದಕ್ಷಿಣಕ್ಕೆ ಕರ್ನಾಟಕ ಪದ್ಧತಿ, ಉತ್ತರಕ್ಕೆ ಹಿಂದೂಸ್ತಾನಿ ಪದ್ಧತಿಯ ಹೊಸ ಗಾಳಿ. ಮೈಸೂರಿನ ಅಭ್ಯಾಸದ ಬಳಿಕ ಗದಿಗೆಯ್ಯ ಮಿರಜಿನ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿ ಗಾಯನವನ್ನು ಕಲಿತರು. ಗ್ವಾಲಿಯರ್ ಪರಂಪರೆಯ ಈ ಗುರುಗಳೇ ಮುಂದೆ ಮಲ್ಲಿಕಾರ್ಜುನ ಮನ್ಸೂರರಿಗೂ ಪಾಠ ಹೇಳಿದವರು.

ಅಣ್ಣ ಗುರುಬಸಯ್ಯ ಅಕಾಲದಲ್ಲಿ ತೀರಿಕೊಂಡರು. ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾಗಿ, ಎರಡೂ ಪದ್ಧತಿಗಳಲ್ಲಿ ಸಮನಾಗಿ ಹಾಡಬಲ್ಲ ಉಭಯಗಾನ ವಿಶಾರದರಾಗಿ ಮರಳಿದರು. ಕಂಠವಷ್ಟೇ ಅಲ್ಲ, ತಬಲಾದಂತಹ ವಾದ್ಯಗಳ ಮೇಲೂ ಅವರಿಗೆ ಹಿಡಿತವಿತ್ತು. ಬಯಸಿದ್ದರೆ ಯಾವುದಾದರೊಂದು ಸಂಸ್ಥಾನದ ಆಶ್ರಯದಲ್ಲಿ ನೆಮ್ಮದಿಯಾಗಿ ಹಾಡಿಕೊಂಡಿರಬಹುದಿತ್ತು. ಆದರೆ ಗುರುವಿನ ಅಪೇಕ್ಷೆ ಬೇರೆಯಾಗಿತ್ತು. ತಾನು ಪಡೆದದ್ದನ್ನು ತನ್ನಂತಹ ಮಕ್ಕಳಿಗೆ, ಅಂಧರಿಗೆ, ಅಂಗವಿಕಲರಿಗೆ, ಅನಾಥರಿಗೆ ಹಂಚಬೇಕೆಂಬುದು ಆ ಅಪೇಕ್ಷೆ. ಗವಾಯಿಗಳು ಅದನ್ನು ವ್ರತದಂತೆ ಹಿಡಿದರು. ಸಂಸಾರ ಹೂಡಲಿಲ್ಲ. ತಮ್ಮದೆಂದು ಆಸ್ತಿ ಮಾಡಿಕೊಳ್ಳಲಿಲ್ಲ.

ಅಲೆಯುವ ಶಾಲೆ

ಶಿವಯೋಗ ಮಂದಿರದ ನೆರಳಿನಲ್ಲಿ ಆರಂಭವಾದ ಸಂಗೀತ ಶಾಲೆ ಕ್ರಮೇಣ ಸಂಚಾರಿ ಶಾಲೆಯಾಯಿತು. ಒಂದು ಊರಿನಲ್ಲಿ ಕೆಲವು ತಿಂಗಳು, ಮುಂದೆ ಮತ್ತೊಂದು ಊರು. ಜಾತ್ರೆ, ಪುರಾಣ ಪ್ರವಚನ, ಮಠದ ಉತ್ಸವ ಎಲ್ಲಿ ನಡೆದರೆ ಅಲ್ಲಿ ಗವಾಯಿಗಳ ಕೀರ್ತನೆ, ವಚನ ಗಾಯನ. ಕೇಳಿದವರು ಕೊಟ್ಟ ಕಾಳು, ಕಾಸಿನಲ್ಲಿ ಮಕ್ಕಳ ಊಟ. ಉತ್ತರ ಕರ್ನಾಟಕದಲ್ಲಿ ದೊಡ್ಡ ಜಾತ್ರೆಗಳ ಕಾಲವೆಂದರೆ ಸುಗ್ಗಿ ಮುಗಿದ ಮೇಲಿನ ಬೇಸಿಗೆ. ರೈತನ ಕೈಯಲ್ಲಿ ಬಿಡುವೂ ಇರುತ್ತದೆ, ಕಣಜದಲ್ಲಿ ಜೋಳವೂ ಇರುತ್ತದೆ. ಮಳೆಗಾಲ ಬಂತೆಂದರೆ ಎರಡೂ ಇಲ್ಲ. ವೃತ್ತಿ ನಾಟಕ ಕಂಪನಿಗಳೂ ಇದೇ ಲೆಕ್ಕದ ಮೇಲೆ ಬದುಕುತ್ತಿದ್ದವು. ಊರ ಹೊರಗೆ ತಗಡು, ತಟ್ಟಿ ಕಟ್ಟಿ ಹೂಡುವ ಬಿಡಾರವನ್ನು ಕಂಪನಿಯವರು ಇಂದಿಗೂ ಕ್ಯಾಂಪು ಎಂದೇ ಕರೆಯುತ್ತಾರೆ. ಗವಾಯಿಗಳದ್ದೂ ಒಂದು ಕ್ಯಾಂಪೇ. ವ್ಯತ್ಯಾಸವಿಷ್ಟೇ, ಇಲ್ಲಿನ ಮಕ್ಕಳಲ್ಲಿ ಅನೇಕರಿಗೆ ತಾವು ಯಾವ ಊರಿನಲ್ಲಿ ಇಳಿದಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತಿರಲಿಲ್ಲ.

ಕಣ್ಣಿಲ್ಲದ ಮಗುವಿಗೆ ಜಾಗ ಬದಲಾಗುವುದು ಎಷ್ಟು ಕಷ್ಟವೆಂಬುದನ್ನು ಅಂತಹ ಮಕ್ಕಳನ್ನು ಸಾಕಿದವರು ಬಲ್ಲರು. ನೀರಿನ ಹಂಡೆ ಎಲ್ಲಿದೆ, ಒಲೆ ಎಲ್ಲಿದೆ, ಹೊಸ್ತಿಲು ಎಷ್ಟು ಎತ್ತರ, ಬಾವಿ ಯಾವ ದಿಕ್ಕಿಗೆ ಎಂಬುದೆಲ್ಲ ಮೈಗೆ ಅಭ್ಯಾಸವಾಗುವ ಹೊತ್ತಿಗೆ ಗಂಟು ಕಟ್ಟಬೇಕು. ಹೊಸ ಊರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಜ್ವರ ಬಂದ ಮಗುವನ್ನು ಬಿಟ್ಟು ಹೋಗುವಂತಿಲ್ಲ, ಹೊತ್ತು ಸಾಗುವುದೂ ಸುಲಭವಲ್ಲ. ಈ ಬಿಡಾರವನ್ನು ನೋಡಿಕೊಳ್ಳಲು ಸಂಬಳದ ಆಳುಗಳಿರಲಿಲ್ಲ. ಕಣ್ಣಿದ್ದ ಶಿಷ್ಯರೇ ಕಣ್ಣಿಲ್ಲದವರ ಕೈ ಹಿಡಿಯಬೇಕಿತ್ತು, ದೊಡ್ಡವರೇ ಸಣ್ಣವರನ್ನು ನೋಡಿಕೊಳ್ಳಬೇಕಿತ್ತು. ಗವಾಯಿಗಳು ಅಂಧರಿಗೊಂದು, ಕಣ್ಣಿದ್ದವರಿಗೊಂದು ಎಂದು ಪಂಕ್ತಿ ಮಾಡದೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಪಾಠ ಹೇಳಿದರು. ಇಂದು ಸಮನ್ವಯ ಶಿಕ್ಷಣ ಎಂದು ಸರ್ಕಾರಿ ಸುತ್ತೋಲೆಗಳು ಕರೆಯುವುದು ಅಲ್ಲಿ ಅನಿವಾರ್ಯದಿಂದ ಹುಟ್ಟಿ ಪದ್ಧತಿಯಾಗಿತ್ತು.

ಇನ್ನು ಪಾಠದ ಕ್ರಮ. ಸಂಗೀತ ಬರೆದುಕೊಂಡು ಕಲಿಯುವ ವಿದ್ಯೆಯಲ್ಲ ಎಂಬುದು ಇಲ್ಲಿ ವರವಾಯಿತು. ಗುರು ಹಾಡಿದ್ದನ್ನು ಶಿಷ್ಯ ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು. ತಂಬೂರಿಯ ಶ್ರುತಿ ಸೇರಿದೆಯೇ ಇಲ್ಲವೇ ಎಂದು ತೀರ್ಮಾನಿಸಲು ಕಿವಿ ಸಾಕು. ತಾಳದ ಪೆಟ್ಟು ಅಂಗೈಗೆ ತಿಳಿಯುತ್ತದೆ. ಪ್ಯಾರಿಸ್ಸಿನ ಅಂಧ ಯುವಕ ಲೂಯಿ ಬ್ರೈಲ್ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿ ನೂರು ವರ್ಷ ಸಮೀಪಿಸುತ್ತಿದ್ದರೂ ಭಾರತೀಯ ಭಾಷೆಗಳಿಗೆ ಏಕರೂಪದ ಬ್ರೈಲ್ ಬಂದದ್ದು 1951ರಲ್ಲಿ. ಅಲ್ಲಿಯ ತನಕ ಕನ್ನಡದ ಅಂಧ ಬಾಲಕನಿಗೆ ನೆನಪೇ ಪುಸ್ತಕ. ಬ್ರೈಲ್ ಕೂಡ ಚರ್ಚಿನಲ್ಲಿ ಆರ್ಗನ್ ನುಡಿಸಿ ಬದುಕಿದವರು ಎಂಬುದನ್ನು ನೆನೆದರೆ, ಕಣ್ಣಿಲ್ಲದವರಿಗೆ ಸಂಗೀತ ಎಲ್ಲ ದೇಶಗಳಲ್ಲಿಯೂ ಅನ್ನದ ದಾರಿಯಾಗಿತ್ತು ಎಂಬುದು ತಿಳಿಯುತ್ತದೆ.

ಅನ್ನದ ದಾರಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಗವಾಯಿಗಳ ಬಗ್ಗೆ ಬರೆಯುವವರು ಅವರ ಭಕ್ತಿಯನ್ನು, ಪವಾಡಗಳನ್ನು ಬಣ್ಣಿಸುವ ಭರದಲ್ಲಿ ಈ ಲೌಕಿಕ ಲೆಕ್ಕವನ್ನು ಮರೆತುಬಿಡುತ್ತಾರೆ. ಅಂಧರು ಹಾಡಿ ಭಿಕ್ಷೆ ಬೇಡುವುದು ಆಗಲೂ ಇತ್ತು, ರೈಲು ಡಬ್ಬಿಗಳಲ್ಲಿ ಈಗಲೂ ಇದೆ. ಹಾಡನ್ನು ಅರ್ಧಂಬರ್ಧ ಕಲಿತವನಿಗೆ ಕರುಣೆಯ ಕಾಸು ಬೀಳುತ್ತದೆ. ಪೂರ್ತಿ ಕಲಿತವನನ್ನು ಸಭೆ ಕಲಾವಿದನೆಂದು ಕರೆಯುತ್ತದೆ, ಸಂಭಾವನೆ ಕೊಡುತ್ತದೆ. ಈ ಎರಡರ ನಡುವಿನ ದೂರವನ್ನು ತಮ್ಮ ಮಕ್ಕಳು ದಾಟಬೇಕೆಂಬುದೇ ಗವಾಯಿಗಳ ಹಟವಾಗಿತ್ತು. ಆದ್ದರಿಂದಲೇ ಅವರು ಕೊಟ್ಟದ್ದು ಸಮಯ ಕಳೆಯುವ ಹಾಡಲ್ಲ, ಸ್ವರ, ರಾಗ, ತಾಳಗಳ ಕಟ್ಟುನಿಟ್ಟಿನ ವಿದ್ಯೆ.

ಸಂಗೀತದ ಕಿವಿಯೇ ಇಲ್ಲದ ಅಂಧ ಮಗುವಿಗೆ ಏನು ಗತಿ ಎಂಬ ಪ್ರಶ್ನೆ ಏಳದೆ ಇರದು. ಅಕ್ಷರ, ಲೆಕ್ಕ, ಕೈಕಸುಬು ಎಲ್ಲವನ್ನೂ ಕಲಿಸುವ ಶಾಲೆ ಹಳ್ಳಿಗಾಡಿಗೆ ಬರಲು ಇನ್ನೂ ಬಹುಕಾಲ ಬೇಕಿತ್ತು. ಒಬ್ಬ ಮನುಷ್ಯ ತನಗೆ ಗೊತ್ತಿದ್ದ ಒಂದು ವಿದ್ಯೆಯನ್ನು ಹಿಡಿದು ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಅವರು ಹೋದರು. ಉಳಿದದ್ದು ಸಮಾಜದ, ಸರ್ಕಾರದ ಪಾಲಿನದು.

ಇಬ್ಬರು ಶಿಷ್ಯರು

ಈ ಬಿಡಾರದಲ್ಲಿ ಬೆಳೆದ ಇಬ್ಬರ ಕಥೆ ಹೇಳಿದರೆ ಅಲ್ಲಿನ ರೀತಿ ಅರ್ಥವಾಗುತ್ತದೆ. ಒಬ್ಬರು ಕಣ್ಣಿದ್ದವರು, ಮತ್ತೊಬ್ಬರು ಇಲ್ಲದವರು.

ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಪುಟ್ಟಯ್ಯ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ. ಬಾಲ್ಯದಲ್ಲಿಯೇ ತಂದೆ ತಾಯಿಯರನ್ನೂ ಕಳೆದುಕೊಂಡ. ಸೋದರಮಾವ ಹುಡುಗನನ್ನು ತಂದು ಗವಾಯಿಗಳ ಕೈಗೆ ಒಪ್ಪಿಸಿದರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಂದು ಕೈಗೆ ಸಿಕ್ಕ ವಾದ್ಯವನ್ನೆಲ್ಲ ಒಲಿಸಿಕೊಂಡ ಆ ಹುಡುಗನೇ ಮುಂದೆ ಪಂಡಿತ ಪುಟ್ಟರಾಜ ಗವಾಯಿಗಳಾದರು. ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಗ್ರಂಥ ರಚಿಸಿದರು. ಓದಿ ಹೇಳುವವರು ಮತ್ತು ಬರೆದುಕೊಳ್ಳುವವರು ಜೊತೆಗಿದ್ದರೆ ಕಣ್ಣಿಲ್ಲದವನೂ ಗ್ರಂಥಕರ್ತನಾಗಬಹುದು ಎಂಬುದಕ್ಕೆ ಆ ಬಿಡಾರವೇ ಸಾಕ್ಷಿ.

ಇನ್ನೊಬ್ಬರು ಧಾರವಾಡ ಸೀಮೆಯ ಯಲಿವಾಳದ ಬಸವರಾಜ ರಾಜಗುರು. 1917ರಲ್ಲಿ ಹುಟ್ಟಿದವರು, ಹದಿಮೂರರ ಸುಮಾರಿಗೆ ತಂದೆಯನ್ನು ಕಳೆದುಕೊಂಡವರು. ಗವಾಯಿಗಳು ಈ ಕಣ್ಣುಳ್ಳ ಅನಾಥ ಬಾಲಕನನ್ನೂ ಶಿಷ್ಯನನ್ನಾಗಿ ಸ್ವೀಕರಿಸಿದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೇ ವರ್ಷದ ಉತ್ಸವ ನಡೆದಾಗ ರಾಜಗುರು ತುಂಬಿದ ಸಭೆಯ ಮುಂದೆ ಹಾಡಿದರು. ಹತ್ತೊಂಬತ್ತರ ಹುಡುಗ. ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳು.

ಸಂಗೀತದ ಲೋಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುತ್ತ ಶಿಷ್ಯ ವರ್ಷಗಟ್ಟಲೆ ಕಾಯುವುದು ವಾಡಿಕೆ. ಗುರುವೇ ಪಕ್ಕಕ್ಕೆ ಸರಿದು, ಶಿಷ್ಯನ ಹಾಡಿಗೆ ಠೇಕಾ ಹಿಡಿಯುವುದು ಅಪರೂಪ. ಗವಾಯಿಗಳ ಸ್ವಭಾವವನ್ನು ಹೇಳಲು ನೂರು ಪವಾಡದ ಕಥೆಗಳಿಗಿಂತ ಈ ಒಂದು ಪ್ರಸಂಗ ಸಾಕೆಂದು ತೋರುತ್ತದೆ.

ಅನ್ನದ ಚಿಂತೆ

ಕುಮಾರ ಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ಬಾಲ್ಯದಿಂದ ಬೆನ್ನಿಗಿದ್ದ ಆಸರೆ ಇಲ್ಲವಾಯಿತು. ಅದೇ ಹೊತ್ತಿಗೆ ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು. ಹತ್ತಿ, ಶೇಂಗಾ ಬೆಳೆಯುವ ಸೀಮೆಯಲ್ಲಿ ಬೆಲೆ ಕುಸಿದರೆ ಮೊದಲು ನಿಲ್ಲುವುದು ದಾನ. ಕೊಡುವ ಕೈ ಬತ್ತಿತೆಂದು ಮಕ್ಕಳ ಹಸಿವು ನಿಲ್ಲುವುದಿಲ್ಲ. ತನ್ನ ಒಬ್ಬನ ಹೊಟ್ಟೆಯಾದರೆ ಸಂನ್ಯಾಸಿ ಉಪವಾಸವಿದ್ದು ನಿಭಾಯಿಸಿಯಾನು. ಕರೆದು ತಂದ ಮಕ್ಕಳನ್ನು ಉಪವಾಸ ಕೆಡಹುವುದು ಹೇಗೆ? ಜೋಳಿಗೆ ಹಿಡಿದು ತಿರುಗುವುದರಲ್ಲಿ ಗವಾಯಿಗಳು ನಾಚಿಕೆ ಪಡಲಿಲ್ಲ. ತಮ್ಮ ಕಂಠವನ್ನೇ ಆ ಜೋಳಿಗೆಗೆ ಒತ್ತೆ ಇಟ್ಟರು.

ದಾನವನ್ನೇ ನಂಬಿದರೆ ಮಕ್ಕಳ ಊಟ ಯಾರೋ ದಾನಿಯ ಮನಸ್ಸಿನ ಮೇಲೆ ನಿಲ್ಲುತ್ತದೆ. ಇದಕ್ಕೆ ಗುರು ಶಿಷ್ಯರು ಕಂಡುಕೊಂಡ ದಾರಿ ರಂಗಭೂಮಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯನ್ನು ಕಂಡಿದ್ದ ಗದಗ ಸೀಮೆಗೆ ಕಂಪನಿ ನಾಟಕದ ರುಚಿ ಚೆನ್ನಾಗಿಯೇ ಗೊತ್ತಿತ್ತು. ಕುಮಾರೇಶ್ವರರ ಹೆಸರಿನಲ್ಲಿ ನಾಟಕ ಸಂಘವೊಂದು ರೂಪುಗೊಂಡಿತು. ಅದನ್ನು ಬೆಳೆಸಿದವರು ಪುಟ್ಟರಾಜರು. ನಾಟಕ ಬರೆದರು, ಹಾಡು ಕಟ್ಟಿದರು, ಸಂಗೀತ ನಡೆಸಿದರು. ಟಿಕೆಟ್ಟಿನ ಹಣ ಆಶ್ರಮದ ಅಡುಗೆಮನೆಗೆ. ಕಾಣದವರು ನಡೆಸುವ ನಾಟಕವನ್ನು ಕಾಣುವವರು ಹಣ ಕೊಟ್ಟು ನೋಡಿದರು. ಇದರಲ್ಲಿ ದಾನಿಯೂ ಇಲ್ಲ, ದೀನನೂ ಇಲ್ಲ.

ಹಲವು ವರ್ಷಗಳ ಅಲೆದಾಟದ ಬಳಿಕ ಬಿಡಾರಕ್ಕೆ ನೆಲೆ ದೊರೆತದ್ದು ಗದಗಿನಲ್ಲಿ. ಬಸರಿಗಿಡದ ವೀರಪ್ಪನವರು ಜಾಗ ನೀಡಿ ನೆರವಾದರು. ಅವರ ನೆನಪಿಗೆ ಆಶ್ರಮಕ್ಕೆ ವೀರೇಶ್ವರ ಪುಣ್ಯಾಶ್ರಮ ಎಂಬ ಹೆಸರು ಬಂತು. ಹೊಸ ಊರಿಗೆ ಹೋದಾಗಲೆಲ್ಲ ಬಾವಿಯ ದಿಕ್ಕನ್ನು ಹೊಸದಾಗಿ ಕಲಿಯುತ್ತಿದ್ದ ಮಕ್ಕಳಿಗೆ ಕಡೆಗೂ ಒಂದು ಕಾಯಂ ಹೊಸ್ತಿಲು ಸಿಕ್ಕಿತು.

ಅದನ್ನು ಬಹುಕಾಲ ಕಾಣುವ ಯೋಗ ಗವಾಯಿಗಳಿಗಿರಲಿಲ್ಲ. ಎರಡನೇ ಮಹಾಯುದ್ಧದ ಕಾಲ. ಕಾಳಿನ ಅಭಾವ, ಪಡಿತರ, ಬೆಲೆಯೇರಿಕೆ. ಅಂತಹ ದಿನಗಳ ನಡುವೆಯೇ, 1944ರ ಜೂನ್ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ ಪಂಚಾಕ್ಷರಿ ಗವಾಯಿಗಳು ಕಣ್ಮರೆಯಾದರು. ಜೂನ್ ಎಂದರೆ ಮುಂಗಾರಿನ ತಿಂಗಳು. ಕಣಜ ಬರಿದಾಗಿ ಹೊಸ ಬೆಳೆ ಬಾರದ ಹೊತ್ತು. ಆಶ್ರಮದ ಮಕ್ಕಳನ್ನು ಉಣಿಸುವ ಹೊಣೆ ಮೂವತ್ತರ ಹರೆಯದ, ಕಣ್ಣಿಲ್ಲದ ಪುಟ್ಟರಾಜರ ಹೆಗಲಿಗೆ ಬಿತ್ತು.

ಆ ಬಳಿಕ

ಪುಟ್ಟರಾಜರು ಅದನ್ನು ಅರುವತ್ತಾರು ವರ್ಷ ಹೊತ್ತರು. ನಾಟಕದ ಗಳಿಕೆ ಸಾಲದಾದಾಗ ತುಲಾಭಾರಗಳಾದವು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯ ತೂಗಿದರೆ ಆ ನಾಣ್ಯವೆಲ್ಲ ಮಕ್ಕಳ ಅನ್ನಕ್ಕೆ. ಸಾವಿರಾರು ಬಾರಿ ಹೀಗೆ ತಕ್ಕಡಿ ಏರಿದ ಇನ್ನೊಬ್ಬ ಸಂಗೀತಗಾರ ದೇಶದಲ್ಲಿ ಇರಲಾರ. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಬಂದಾಗ, ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳು ಬಂದಾಗ ಗವಾಯಿಗಳ ಪರಂಪರೆಯಲ್ಲಿ ಕಲಿತವರಿಗೆ ಹೊಸ ಬಾಗಿಲುಗಳು ತೆರೆದವು. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಿಂದ ಬಂದು ಹನ್ನೆರಡು ವರ್ಷ ಇದೇ ಆಶ್ರಮದಲ್ಲಿ ಕಲಿತ ಎಂ. ವೆಂಕಟೇಶಕುಮಾರ್ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡಾಗ ಗದಗಿನ ಬೀದಿಗಳಲ್ಲಿ ನೆರೆದ ಜನಸಾಗರವನ್ನು ಟಿ.ವಿ.ಯಲ್ಲಿ ನೋಡಿದ ನೆನಪು ಅನೇಕರಿಗಿರಬಹುದು.

ಹೊಳೆಯ ಈಚೆಯ ನಮ್ಮ ಊರಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ಪಂಚಾಕ್ಷರಿ ಗವಾಯಿಗಳ ಬದುಕನ್ನು ಬೆಳ್ಳಿತೆರೆಗೆ ತಂದವರು ದಾವಣಗೆರೆಯ ಚಿಂದೋಡಿ ರಂಗ ಕುಟುಂಬದವರು. ಊರೂರಿಗೆ ಕ್ಯಾಂಪು ಹಾಕಿ ಬದುಕಿದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಮನೆಯವರಿಗೆ ಇನ್ನೊಂದು ಬಿಡಾರದ ಕಷ್ಟ ತಿಳಿಯದೆ ಇರುತ್ತದೆಯೇ? ಚಿಂದೋಡಿ ಬಂಗಾರೇಶ್ ನಿರ್ದೇಶನದ ಗಾನಯೋಗಿ ಪಂಚಾಕ್ಷರಿ ಗವಾಯಿ ಚಿತ್ರ 1995ರಲ್ಲಿ ತೆರೆ ಕಂಡಿತು. ಸಂಗೀತ ನಿರ್ದೇಶನಕ್ಕಾಗಿ ಹಂಸಲೇಖ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ರಾಷ್ಟ್ರಪ್ರಶಸ್ತಿ ಪಡೆದರು. ಎಸ್‌ಪಿಬಿ ಅವರ ಕಂಠದಲ್ಲಿ ಆ ಚಿತ್ರದ ಹಾಡು ಕೇಳಿದ ಎಷ್ಟೋ ಮಂದಿಗೆ ಗವಾಯಿಗಳ ಹೆಸರು ಮೊದಲ ಬಾರಿ ತಿಳಿದದ್ದೇ ಆಗ.

ಹಾಡಿನಾಚೆಗೆ ಅವರ ಕೆಲಸ ಹೇಗಿತ್ತೆಂದು ತಿಳಿಯಬೇಕಾದವರಿಗೆ ಸಿನಿಮಾಕ್ಕಿಂತ ಹತ್ತಿರದ ದಾರಿಯಿದೆ. ಬಾಡಾ ಕ್ರಾಸ್‌ನ ಆಶ್ರಮದಲ್ಲಿ ಪ್ರತಿ ವರ್ಷ ಗುರುದ್ವಯರ ಪುಣ್ಯಸ್ಮರಣೆ ನಡೆಯುತ್ತದೆ. ಅಂದು ವೇದಿಕೆಯಲ್ಲಿ ಹಾಡುವವರಿಗೆ ಎದುರಿಗಿರುವವರು ಯಾರೆಂದು ಕಾಣದಿರಬಹುದು. ಶ್ರುತಿ ಸೇರಿಸುವ ಹೊತ್ತಿಗೆ ಸಭೆಯಲ್ಲಿ ಮಾತು ನಿಂತಿತೇ ಇಲ್ಲವೇ ಎಂಬುದು ಮಾತ್ರ ಅವರಿಗೆ ತಿಳಿಯುತ್ತದೆ.